ಬಕ್ಕೇಶನ ಪಾಳಿ

ಸರಸ್ವತಿ ನಗರ, ದಾವಣಗೆರೆ
17-1-1999, ಭಾನುವಾರ, ಅಮಾವಾಸ್ಯೆ

ನನ್ನ ಮುದ್ದು ಕಿರಣಾ,

ಅಜ್ಜಿಯ ಕೈ ನಿನ್ನ ತಲೆಯ ಮೇಲಿದೆ ಎಂದುಕೊಂಡೇ ಇದನ್ನು ಓದು. ಹೇಗಿದ್ದೀಯಪ್ಪಾ? ಕೆಮ್ಮು ಕಡಿಮೆಯಾಯಿತೇ? ಧಾರವಾಡದ ಚಳಿ ನಮ್ಮೂರಿನ ಹಾಗಲ್ಲ, ಸ್ವೆಟರನ್ನು ಟ್ರಂಕಿನ ತಳದಲ್ಲಿಟ್ಟು ಮೆರೆಯಬೇಡ. ಹಾಸ್ಟೆಲಿನ ರೊಟ್ಟಿ ಚಪ್ಪಲಿಯಷ್ಟು ಗಟ್ಟಿ ಎಂದು ಬರೆದಿದ್ದೆಯಲ್ಲ, ನಿಮ್ಮಮ್ಮ ಅದನ್ನೋದಿ ಅರ್ಧ ದಿನ ಮೂಗು ಒರೆಸಿಕೊಂಡಳು. ಹಾಲಿನಲ್ಲಿ ಅದ್ದಿಕೊಂಡು ತಿನ್ನು. ಇಲ್ಲಿ ನನ್ನ ಮೊಣಕಾಲು ಎಂದಿನಂತೆ ಹಟ ಮಾಡುತ್ತಿದೆ, ಉಳಿದಂತೆ ಗಟ್ಟಿಯಾಗಿದ್ದೇನೆ. ನಿಮ್ಮಪ್ಪ ಅಮ್ಮ ನಮ್ಮ ಅಂಗಡಿಯ ಅಮಾವಾಸ್ಯೆ ಪೂಜೆಗೆ ಹೋಗಿದ್ದಾರೆ. ಅವರಿಲ್ಲದ ಹೊತ್ತು ನೋಡಿಯೇ ಬರೆಯಲು ಕೂತಿದ್ದೇನೆ, ಯಾಕೆಂದರೆ ಅವರಿದ್ದರೆ ಇದನ್ನು ಬರೆಯಲು ಬಿಡುವುದಿಲ್ಲ.

ನೀನು ಕೇಳಿದ ಕಾರ್ಡಿನ ವಿಚಾರ. ಬಬಲ್‌ಗಮ್ ಪೊಟ್ಟಣದಲ್ಲಿ ಬಂದ ಆ ಚಿನ್ನದ ಅಂಚಿನ ಕ್ರಿಕೆಟ್ ಕಾರ್ಡು ಊರಿಗೊಂದು ಸಿಕ್ಕರೆ ಹೆಚ್ಚು ಎಂದು ನೀನೂ ಬಕ್ಕೇಶನೂ ಕುಣಿದಾಡಿದ್ದಿರಿ. ಈಗ ಹಾಸ್ಟೆಲಿನ ಹುಡುಗನೊಬ್ಬ ಅದಕ್ಕೆ ಬದಲಾಗಿ ನಿನ್ನ ಸೆಟ್ಟಿಗೆ ಬೇಕಾದ ಎಲ್ಲ ಕಾರ್ಡುಗಳನ್ನೂ ಕೊಡುತ್ತಾನಂತೆ, ಸೆಟ್ ಪೂರ್ತಿಯಾದರೆ ಕಂಪನಿಯವರು ಬ್ಯಾಟು ಕಳಿಸುತ್ತಾರಂತೆ. ನಿಮ್ಮಪ್ಪನಿಗೆ ಇದೂ ವ್ಯಾಪಾರವೇ. "ಅಪರೂಪದ್ದು ಐತೆ ಅಂದ್ರೆ ಕೈಬಿಡಬಾರ್ದು, ಇಟ್ಕಂಡಷ್ಟೂ ರೇಟ್ ಏರ್ತೈತೆ" ಎಂದ. ನನ್ನ ಮಾತು ಬೇರೆ. ಆಟದ ಸಾಮಾನು ಕೈಯಿಂದ ಕೈಗೆ ಹೋಗಬೇಕು. ಪೆಟ್ಟಿಗೆಯಲ್ಲಿಟ್ಟು ವಿಭೂತಿ ಹಚ್ಚಲು ಅದೇನು ದೇವರೇ? ಬೇರೆ ಯಾವ ಕಾರ್ಡಾಗಿದ್ದರೂ ಕೊಟ್ಟುಬಿಡು ಮಗಾ ಎನ್ನುತ್ತಿದ್ದೆ. ಆದರೆ ನಿನ್ನ ಕಾಗದದ ಕೊನೆಯಲ್ಲಿ ಹೀಗೆ ಬರೆದಿದ್ದೀಯ: "ಬಕ್ಕೇಶನ್ನ ಕೇಳಜ್ಜಿ. ಅವನು ಹೂಂ ಅಂದ್ರೆ ಮಾತ್ರ ಕಳಿಸು. ಬ್ಯಾಟು ಬಂದ್ರೆ ಇಬ್ರಿಗೂ." ಆ ಸಾಲು ಓದಿದಾಗಿನಿಂದ ನನಗೆ ಅನ್ನ ಸೇರುತ್ತಿಲ್ಲ.

ಕಿರಣಾ, ಬಕ್ಕೇಶ ಇಲ್ಲಪ್ಪಾ. ದೀಪಾವಳಿ ರಜೆ ಮುಗಿಸಿ ನೀನು ಹೋದ ಸ್ವಲ್ಪ ದಿನಕ್ಕೆ ಅವನಿಗೆ ಜ್ವರ ಬಂತು, ತಲೆಗೇರಿತು, ಹೋಗಿಬಿಟ್ಟ. ಏಳನೇ ತರಗತಿಯ ಪಬ್ಲಿಕ್ ಪರೀಕ್ಷೆ ಮುಗಿಯುವವರೆಗೆ ನಿನಗೆ ತಿಳಿಸಕೂಡದೆಂದು ನಿಮ್ಮಪ್ಪ ಅಮ್ಮ ತೀರ್ಮಾನ ಮಾಡಿದರು. ನಮ್ಮ ಕಡೆ ಹೀಗೇ ನೋಡು, ಪರೀಕ್ಷೆಯಿರುವ ಮಕ್ಕಳ ಮನೆಯಲ್ಲಿ ಸಾವೂ ಬಾಗಿಲ ಹೊರಗೆ ಕಾಯಬೇಕು. ಬಕ್ಕೇಶನ ಮನೆಯವರು ಹರಿಹರಕ್ಕೆ ಮನೆ ಬದಲಿಸಿದರೆಂದು ನಿನಗೆ ಬರೆದಿದ್ದು ಸುಳ್ಳಲ್ಲ. ಮಗ ಕೂತು ಪೊಟ್ಟಣ ಕಟ್ಟುತ್ತಿದ್ದ ಜಾಗ ನೋಡಲಾಗದೆ, ಅವರಪ್ಪ ಗೋಣೆಪ್ಪ ಕೆ.ಬಿ. ಬಡಾವಣೆಯ ಕಿರಾಣಿ ಅಂಗಡಿ ಮುಚ್ಚಿ ಹೆಂಡತಿಯನ್ನು ಕರೆದುಕೊಂಡು ಹೋದ. ಅಳು ಬಂದರೆ ಅತ್ತುಬಿಡು. ಹುಡುಗರು ಅಳಬಾರದೆಂದು ಯಾರಾದರೂ ಹೇಳಿದರೆ ನಮ್ಮಜ್ಜಿಯ ಹತ್ತಿರ ಬಂದು ಮಾತಾಡಿ ಎನ್ನು.

ಆ ಕಾರ್ಡು ನಿಮ್ಮಿಬ್ಬರದು. ಕಾಸು ಕೂಡಿಸಿ ತಂದ ಪೊಟ್ಟಣದಲ್ಲಿ ಸಿಕ್ಕಿದ್ದು. ಗಮ್ ನೀನು ಅಗಿದೆ, ಪೊಟ್ಟಣ ಅವನು ಬಿಚ್ಚಿದ. ಒಂದು ತಿಂಗಳು ಅವನ ಪಾಳಿ, ಮರುತಿಂಗಳು ನಿನ್ನದು. ಅಮಾವಾಸ್ಯೆಯ ದಿನ ಗೋಣೆಪ್ಪನ ಅಂಗಡಿ ಪೂಜೆಯಲ್ಲಿ ಮಂಡಕ್ಕಿ ಮುಕ್ಕುತ್ತಾ ಅದನ್ನು ಕೈ ಬದಲಾಯಿಸುತ್ತಿದ್ದಿರಿ. ನೀನು ಹಾಸ್ಟೆಲ್ ಸೇರಿದ ಮೇಲೆ ನಿನ್ನ ಪಾಳಿಯಲ್ಲಿ ಅದು ನನ್ನ ಅಡಕೆ ಡಬ್ಬಿಯಲ್ಲಿರುತ್ತಿತ್ತು. ಬಕ್ಕೇಶ ತೀರಿಕೊಂಡಾಗ ಕಾರ್ಡು ಅವನ ಹತ್ತಿರವಿತ್ತು. ಇನ್ನು ಅದರ ಕತೆ ಮುಗಿಯಿತೆಂದುಕೊಂಡೆ. ಆದರೆ ಅಮಾವಾಸ್ಯೆಗೆ ಸರಿಯಾಗಿ ಅವನ ತಾಯಿ ಮರುಳಸಿದ್ದಮ್ಮ ಹರಿಹರದಿಂದ ಬಸ್ಸು ಹತ್ತಿ ಬಂದಳು. ಕರವಸ್ತ್ರದಲ್ಲಿ ಸುತ್ತಿದ್ದ ಕಾರ್ಡು ತೆಗೆದು, "ಈ ತಿಂಗಳು ನಿಮ್ ಹುಡುಗಂದು ಪಾಳಿ ರೀ" ಎಂದಳು. ನೀನೇ ಇಟ್ಟುಕೊ ತಾಯಿ ಎಂದರೂ ಕೇಳಲಿಲ್ಲ. ಮುಂದಿನ ಅಮಾವಾಸ್ಯೆಗೆ ಮತ್ತೆ ಬಂದಳು, ಆಗ ತೆಗೆದುಕೊಂಡು ಹೋಗಲು. "ಈಗ ನಮ್ ಬಕ್ಕೇಶಂದು" ಎಂದಳು. ಡಬ್ಬಿ ತೆರೆದು ಕೊಟ್ಟೆ. ಬೇರೇನು ಮಾಡಲಿ ಹೇಳು. ಇವತ್ತು ಮತ್ತೆ ಅದನ್ನು ತಂದುಕೊಡಲು ಬರುತ್ತಾಳೆ.

ಅದನ್ನು ಯಾವ ಮನಸ್ಸಿನಿಂದ ಅಂಚೆಗೆ ಹಾಕಲಿ? ಅದು ಹೋದರೆ ಅವಳಿಗೆ ಮಗನ ಪಾಳಿ ಎನ್ನಲು ಏನೂ ಉಳಿಯುವುದಿಲ್ಲ. ನಿನ್ನ ಸೆಟ್ ಅರ್ಧಕ್ಕೇ ಇರಲಿ ಮಗಾ. ಬ್ಯಾಟು ಬೇಕಾದರೆ ನಿಮ್ಮಪ್ಪನ ಕಿವಿ ಹಿಂಡಿ ನಾನು ಕೊಡಿಸುತ್ತೇನೆ. ಸಿಟ್ಟು ಬಂದರೆ ನನ್ನ ಮೇಲೆ ಮಾಡಿಕೊ, ಊಟದ ಮೇಲೆ ಮಾಡಿಕೊಳ್ಳಬೇಡ. ನಿನಗೆ ಹತ್ತಿರವಾದ ಗೆಳೆಯರು ಅಲ್ಲಿ ಯಾರಿದ್ದಾರೋ ಕಾಣೆ, ಇದ್ದರೆ ಇವತ್ತು ಅವರ ಪಕ್ಕದಲ್ಲಿ ಮಲಗು.

ನಿನ್ನ ಓದು, ನಿನ್ನ ನಗು ಎರಡನ್ನೂ ಶಿವ ಕಾಯಲಿ. ನಿಮ್ಮ ವಾರ್ಡನ್ ಅವರಿಗೆ ನನ್ನ ಶರಣು ತಿಳಿಸು.

ಇಂತಿ ನಿನ್ನ ಅಜ್ಜಿ,
ಗುರುಶಾಂತಮ್ಮ

ತಾ.ಕ.: ಕಾಗದ ಮಡಿಸುವಷ್ಟರಲ್ಲಿ ಮರುಳಸಿದ್ದಮ್ಮ ಬಂದಳು. ಕಾರ್ಡು ಕೊಟ್ಟಳು. ನೀನು ಕೇಳಿದ್ದನ್ನು ಅವಳಿಂದ ಮುಚ್ಚಿಡಲು ಮನಸ್ಸಾಗದೆ ನಿನ್ನ ಕಾಗದ ಓದಿ ಹೇಳಿದೆ. ಕೊನೆಯ ಸಾಲಿಗೆ ಬಂದಾಗ ನನ್ನ ಮುಂಗೈ ಹಿಡಿದುಕೊಂಡಳು. "ಬಕ್ಕೇಶನ್ನ ಕೇಳು ಅಂತ ಬರ್ದಾನಾ? ಇನ್ನೊಂದ್ಸಲ ಓದ್ರಿ" ಎಂದಳು. ಓದಿದೆ. ಮತ್ತೂ ಓದಿಸಿದಳು. ಆಮೇಲೆ ನಿನ್ನ ಕಾಗದವನ್ನು ತಾನೇ ಮಡಿಸಿ ನನ್ನ ಕೈಗಿಟ್ಟು, "ಅವನಿಗೆ ಹೇಳಬ್ಯಾಡ್ರಿ ಅಜ್ಜಿ. ಊರಿಗೆಲ್ಲ ನನ್ ಮಗ ಸತ್ತಾನೆ, ಆ ಹುಡುಗನ್ ಹತ್ರ ಒಬ್ಬನ್ ಹತ್ರ ಇನ್ನೂ ಅದಾನೆ. ಪರೀಕ್ಷೆ ಮುಗಿಯೋ ತನಕನಾದ್ರೂ ಇರ್ಲಿ ಬಿಡ್ರಿ" ಎಂದಳು. ಅವಳಿಗೆ ಇಲ್ಲ ಎನ್ನಲು ನನ್ನಿಂದಾಗಲಿಲ್ಲ. ಈ ಕಾಗದವನ್ನು ಈಗ ಅಂಚೆಗೆ ಹಾಕುವುದಿಲ್ಲ. ಪರೀಕ್ಷೆ ಮುಗಿಸಿ ನೀನು ಮನೆಗೆ ಬಂದಾಗ ನಾನೇ ಕೈಗೆ ಕೊಡುತ್ತೇನೆ. ನಾಳೆ ಬೇರೊಂದು ಬರೆದು ಕಳಿಸುತ್ತೇನೆ. ಅದರಲ್ಲಿ ಇಷ್ಟೇ ಇರುತ್ತದೆ: ಬಕ್ಕೇಶನನ್ನು ಕೇಳಿದೆ, ಅವನು ಒಪ್ಪಲಿಲ್ಲ.