ಮಾನ್ವಿಯಲ್ಲಿ ಮಾಡಿಸಿದ ಸೂಜಿ

ಫೆಬ್ರುವರಿ 3, ಮಂಗಳವಾರ. ರಾಯಚೂರು, ಮೆಡಿಕಲ್ ಹಾಸ್ಟೆಲ್
ಮತ್ತೆ ಉಪ್ಪಿಟ್ಟು. ತಿನ್ನಲಿಲ್ಲ. ದೇವದುರ್ಗಕ್ಕೆ, ಮನೆಗೆ ಫೋನ್. ಮಾತ್ರೆ ನುಂಗಿದ ಮೇಲೆ ಸ್ವಲ್ಪ ಹೊತ್ತು ಅವ್ವನ ದನಿ ಮೊದಲಿನಂತೆ. ಆಮೇಲೆ ಸೋಲುತ್ತದೆ, ರೆಪ್ಪೆ ಜೋಲುತ್ತದೆ. ಮಯಸ್ತೇನಿಯಾ, ಸ್ನಾಯು ಸೋಲುವ ಕಾಯಿಲೆ. ಮನೆಯಲ್ಲಿ ‘ಕಣ್ಣಿನ ತ್ರಾಸು’ ಎನ್ನುತ್ತಾರೆ. ಐದನೇ ಕ್ಲಾಸಿನಿಂದ ಹಾಸ್ಟೆಲ್ಲು. ನನಗೆ ಅವ್ವ ಎಂದರೆ ದನಿಯೇ...
ನಾಳೆ ಮಾನ್ವಿಗಂತೆ, ಸಂಜೀವಣ್ಣನಿಗೆ ಹೆಣ್ಣು ನೋಡಲು.
“ಮಾತ್ರಿ ಮರಿಬ್ಯಾಡಬೇ.”
“ಮಂದಿ ಮುಂದ ನುಂಗಲೇನು? ಅತ್ತಿ ಜಡ್ಡಿನಾಕಿ ಅಂತ ಹುಡುಗಿ ಒಲ್ಲೆ ಅಂತಾಳ!” ನಕ್ಕಳು.

ಫೆಬ್ರುವರಿ 5, ಗುರುವಾರ
ಫಿಜಿಯಾಲಜಿ ಕ್ಲಾಸು. ನರದ ತುದಿಗೆ ಕ್ಯಾಲ್ಸಿಯಂ ಹೊಕ್ಕರೆ ಸಂದೇಶ ಒಯ್ಯುವ ಅಸಿಟೈಲ್‌ಕೋಲಿನ್ ರಿಲೀಸ್. ಆಗಲೇ ಸ್ನಾಯು ಅಲುಗುವುದು. ಅವ್ವನಲ್ಲಿ ಅದನ್ನು ಹಿಡಿಯುವ ರಿಸೆಪ್ಟರೇ ಕಡಿಮೆ. ಸುನಂದಾ ಮೇಡಂ ಕೊನೆಗೆ ಹೇಳಿದ್ದು — ಜೆಂಟಾಮೈಸಿನ್ ಎಂಬ ಆಂಟಿಬಯಾಟಿಕ್ ಸೂಜಿ ಕ್ಯಾಲ್ಸಿಯಂ ದಾರಿಯನ್ನೇ ತಡೆಯುತ್ತದೆ, ರಿಲೀಸ್ ಇಳಿಯುತ್ತದೆ. “ಮಯಸ್ತೇನಿಯಾದವರಿಗೆ ಉಸಿರೇ ನಿಲ್ಲಬಹುದ್ರಿ, ಬರ್ಕೊಳ್ರಿ.”
ಬರೆದುಕೊಳ್ಳಲಿಲ್ಲ. ಮನೆಯವರಿಗೆ ಹೇಳಿಡಲು ಹೊರಗೆ ಓಡಿದೆ. ಅಣ್ಣ ಫೋನ್ ಎತ್ತಿದ.
“ನಿನ್ನಿ ರಾತ್ರಿ ಅವ್ವಗ ಇಲ್ಲೇ ಮಾನ್ವ್ಯಾಗ ಜ್ವರ ಬಂತು, ದಾನಿ. ಹೆಣ್ಣಿನ ಮನಿಯವರೇ ಡಾಕ್ಟರ್ ಹಂತ್ಯಾಕ ಕರ್ಕೊಂಡು ಹೋಗಿದ್ರು. ಮುಂಜಾನಿ ಸೂಜಿ ಮಾಡಿಸೀವಿ.”
“ಕಣ್ಣಿನ ತ್ರಾಸು ಹೇಳಿದ್ಯಾ?”
“ಅವರು ಬಾಜೂಕೇ ನಿಂತಿದ್ರು... ಅವ್ವ ಬ್ಯಾಡಂತ ಕಣ್ಸನ್ನಿ ಮಾಡಿದ್ಳು. ಸುಮ್ನಾದೆ.”
ಡಾಕ್ಟರ್ ಚೀಟಿಯ ಫೋಟೊ ಕಳಿಸಿದ. ಜೆಂಟಾಮೈಸಿನ್.
ಅವ್ವನಿಗೆ ಫೋನ್ ಕೊಡು ಅಂದೆ. ಮಾತಿಲ್ಲ, ಬರೀ ಮೂಗಿನ ಸದ್ದು.
“ಅಣ್ಣಾ, ಆಂಬುಲೆನ್ಸ್ ಕರಿ. ರಾಯಚೂರಿಗೆ ಕರ್ಕೊಂಡು ಬಾ. ಮಂದಿಗೆ ತಿಳಿದ್ರ ತಿಳೀಲಿ!”

ಫೆಬ್ರುವರಿ 9, ಸೋಮವಾರ. ಐಸಿಯು ಹೊರಗೆ
ಅವ್ವನ ಬಾಯಲ್ಲಿ ನಳಿಕೆ. ಉಸಿರು ಮೆಷಿನ್ನಿನದು. ನನ್ನ ಅಂಗೈ ಮೇಲೆ ಬೆರಳಿನಿಂದ ಏನೋ ಗೀರುತ್ತಾಳೆ. ಅಕ್ಷರ ಕಲಿತವಳಲ್ಲ. ಇಷ್ಟು ಓದಿದ ನನಗೂ ತಿಳಿಯುವುದಿಲ್ಲ...
ಹುಡುಗಿಯ ತಾಯಿ ಬಂಡೆಮ್ಮ ರೊಟ್ಟಿ ಕಟ್ಟಿಕೊಂಡು ಬಂದಿದ್ದರು. “ಯಾಕ ಮುಚ್ಚಿಟ್ಟಿರಿ? ನಾವೇನು ಮನಿಷ್ಯಾರಲ್ಲೇನು?” ಅಣ್ಣನ ಕೈಗೆ ರೊಟ್ಟಿ ಇಟ್ಟರು. “ಮೊದಲ ಉಣ್ಣೋ ಅಳಿಯಾ” ಅಂದರು.

ಫೆಬ್ರುವರಿ 10, ಬೆಳಿಗ್ಗೆ
ನಳಿಕೆ ತೆಗೆದರು. ಒಳಗೆ ಬಿಟ್ಟರು. ಅವ್ವನ ತುಟಿ ಅಲುಗಿತು, ದನಿ ಬರಲಿಲ್ಲ. ಕಿವಿಯನ್ನು ತುಟಿಗೇ ಹಚ್ಚಿದೆ. ಬಿಸಿ ಉಸಿರು — ಅವ್ವನದೇ. ಇಷ್ಟು ಹತ್ತಿರ ಯಾವಾಗ ಇದ್ದೆ? ಅಷ್ಟರಲ್ಲಿ ಹೊರಗೆ ಕಳಿಸಿದರು. ದನಿ ಬರುತ್ತದೋ ಇಲ್ಲವೋ ಎಂದು ಕೇಳಲು ಧೈರ್ಯವಿಲ್ಲ. ಬೆಂಚಿನ ಮೇಲೆ ಕೂತು ಇದನ್ನು ಗೀಚುತ್ತಿದ್ದೇನೆ, ಸುಮ್ಮನೆ, ಟೆನ್ಷನ್ನಿಗೆ...
ಬಾಗಿಲು ತೆರೆಯಿತು. ಸಿಸ್ಟರ್.
“ದಾನೇಶ್ವರಿ ಯಾರ್ರೀ? ನಿಮ್ಮವ್ವ ಆಗಿನಿಂದ ಕರ್ಯಾಕತ್ತಾರ—”