ಹೋದ ವರ್ಷದ ಮಾಡೆಲ್

ಫೆಬ್ರವರಿ ೭, ಶನಿವಾರ

ಹನ್ನೊಂದು ಡಿಗ್ರಿ ಫ್ಯಾರನ್‌ಹೀಟ್, ನೀರು ಹೆಪ್ಪುಗಟ್ಟುವ ಚಳಿ. ಶಾಲೆಯ ವರ್ಕ್‌ಶಾಪಿನ ಹೀಟರ್ ಮತ್ತೆ ಕೈಕೊಟ್ಟಿದೆ. ಮಕ್ಕಳು ಜಾಕೆಟ್ ತೊಟ್ಟೇ ರೋಬೋಟಿನ ತೋಳನ್ನು ಬಿಚ್ಚಿ ಜೋಡಿಸಿದರು. ಈ ವರ್ಷದ ಸ್ಪರ್ಧೆಯಲ್ಲಿ ರೋಬೋಟ್ ಓಡಿಸುವ ಡ್ರೈವರ್ ನಿಹಾರಿಕಾ ಎಂದು ಘೋಷಿಸಿದೆ. ಹದಿನೇಳು ತುಂಬಿದ್ದು ಡಿಸೆಂಬರಿನಲ್ಲಿ; ಕೈ ಮಾತ್ರ ಮೂವತ್ತು ವರ್ಷದ ಅನುಭವಿಯದು. ಹನ್ನೊಂದರ ತಮ್ಮ ಸಾಕೇತ್ ಅಕ್ಕನ ನೆರಳು. ಇಂಥ ಮಕ್ಕಳಿಗೆ ಕಲಿಸುತ್ತಿದ್ದರೆ ಇಂಜಿನಿಯರ್ ಕೆಲಸದಿಂದ ನಿವೃತ್ತಳಾದದ್ದೇ ಮರೆತುಹೋಗುತ್ತದೆ.

ಸಂಜೆ ಪಕ್ಕದ ಊರು ಟ್ರಾಯ್‌ನಿಂದ ಇವರ ತಾಯಿ ಸಿಂಧುವಿನ ಫೋನ್. ವಿಚ್ಛೇದನವಾಗಿ ಎರಡು ವರ್ಷ. ಮಕ್ಕಳು ಒಂದು ವಾರ ಇವಳಲ್ಲಿ, ಮುಂದಿನ ವಾರ ನೋವೈನಲ್ಲಿ ತಂದೆ ಉಪೇಂದ್ರನಲ್ಲಿ.

“ಟ್ಯಾಕ್ಸ್ ಫೈಲ್ ಮಾಡ್ದೆ ಅಕ್ಕ, ರಿಜೆಕ್ಟ್ ಆಯ್ತು. ಮಕ್ಕಳಿಬ್ಬರೂ ತಮ್ಮ ಅವಲಂಬಿತರು ಅಂತ ಅವ್ರು ಮೊದಲೇ ಕ್ಲೇಮ್ ಮಾಡ್ಕೊಂಡು ಕೂತಿದಾರೆ. ಹೆತ್ತೋಳು ನಾನು, ಕಂಪ್ಯೂಟರ್ ನನ್ನನ್ನೇ ನೀನ್ಯಾರು ಅನ್ನತ್ತೆ.”

ಅಪ್ಪ ಅಮ್ಮ ಇಬ್ಬರನ್ನೂ ಕೂರಿಸಿ ಮಾತಾಡಬೇಕು. ಆದೀತು.

ಫೆಬ್ರವರಿ ೧೪, ಶನಿವಾರ

ವೆಸ್ಟ್ ಬ್ಲೂಮ್‌ಫೀಲ್ಡಿನ ನನ್ನ ಮನೆಗೆ ಸಿಂಧು, ಉಪೇಂದ್ರ ಇಬ್ಬರೂ ಬಂದರು. ಬೇರೆ ಬೇರೆ ಕಾರು, ಒಂದೇ ಮುಖಭಾವ. ಮಕ್ಕಳನ್ನು ಬೇಸ್‌ಮೆಂಟಿಗೆ ಕಳಿಸಿದೆ. ಇಬ್ಬರು ಮಕ್ಕಳು, ಇಬ್ಬರು ಪೋಷಕರು. ತಲಾ ಒಬ್ಬರನ್ನು ಕ್ಲೇಮ್ ಮಾಡಿ ಎಂದೆ.

“ಪಕ್ಕಾ ಇಂಜಿನಿಯರ್ ಸೊಲ್ಯೂಶನ್ ಅಕ್ಕ, ಒಪ್ಪಿದೆ,” ಎಂದ ಉಪೇಂದ್ರ. “ಸಾಕೇತ್ ನನಗೆ.”

“ಅದು ಹೇಗೆ? ಸಾಕೇತ್ ನನಗೆ,” ಎಂದಳು ಸಿಂಧು.

ಹದಿನೇಳಕ್ಕಿಂತ ಚಿಕ್ಕ ಮಗುವಿಗೆ ತೆರಿಗೆಯಲ್ಲಿ ಎರಡು ಸಾವಿರ ಡಾಲರಿಗೂ ಹೆಚ್ಚು ವಿನಾಯಿತಿ. ಹದಿನೇಳು ತುಂಬಿದ ಮಗುವಿಗೆ, ಎಂದರೆ ನಿಹಾರಿಕಾಗೆ, ಬರೀ ಐನೂರು. ನನಗೆ ತಿಳಿದಿರಲಿಲ್ಲ. ಮುಕ್ಕಾಲು ಗಂಟೆ ಅದೇ ಜಗ್ಗಾಟ. “ನಿಹಾರಿಕಾನ ನೀವೇ ಇಟ್ಕೊಳ್ಳಿ.” “ಇಲ್ಲ, ನೀನೇ ಇಟ್ಕೋ.”

ಬೇಸ್‌ಮೆಂಟಿನ ಮೆಟ್ಟಿಲ ಬಾಗಿಲು ತೆರೆದೇ ಇತ್ತು. ಅವರು ಹೋದ ಮೇಲೆ ನೋಡಿದೆ.

ಫೆಬ್ರವರಿ ೨೧

ರೋಬೋಟಿನ ಬ್ಯಾಟರಿ ಚಾರ್ಜಿಗಿಡುತ್ತ, ತಲೆಯೆತ್ತದೆ ನಿಹಾರಿಕಾ ಹೇಳಿದಳು:

“ಆಂಟಿ, ಐ ಆಮ್ ಲಾಸ್ಟ್ ಇಯರ್ಸ್ ಮಾಡೆಲ್. ಇಬ್ರಿಗೂ ನ್ಯೂ ಮಾಡೆಲ್ಲೇ ಬೇಕಂತೆ.”

ಕಾರು ತಯಾರಿಸುವ ಊರಿನಲ್ಲಿ ಬೆಳೆದ ಹುಡುಗಿಯ ಜೋಕು. ನಗಲಾಗಲಿಲ್ಲ.

“ಅದು ಬರೀ ಟ್ಯಾಕ್ಸ್ ವಿಷಯ ಪುಟ್ಟಾ.”

“ಎಕ್ಸಾಕ್ಟ್ಲಿ. ಬರೀ ಟ್ಯಾಕ್ಸಿಗೇ ನಾನು ಬೇಡ ಅಂದ್ರೆ ಇನ್ಯಾವುದಕ್ಕೆ ಬೇಕು?”

ತಲಾ ಒಬ್ಬರು ಎಂದವಳು ನಾನೇ...

ಮಾರ್ಚ್ ೧೪

ಅಂದಿನಿಂದ ನಿಹಾರಿಕಾ ಬಂದಿಲ್ಲ. ಇಂದಿನ ಸ್ಪರ್ಧೆಯಲ್ಲಿ ತಂಡದ ಇನ್ನೊಬ್ಬ ಹುಡುಗ ಕೇಶವ್ ರೋಬೋಟ್ ಓಡಿಸಿದ. ಸೋತೆವು. ಮಕ್ಕಳಿಗೆ ಧೈರ್ಯ ಹೇಳಿದೆ. ನನ್ನ ಕಣ್ಣು ಮಾತ್ರ ಬಾಗಿಲ ಮೇಲೆ.

ಸಾಕೇತ್ ಬಂದಿದ್ದ. “ಅಕ್ಕ ಬೋತ್ ಹೌಸಸ್‌ನಲ್ಲೂ ರೂಮಲ್ಲೇ ಊಟ ಮಾಡ್ತಾಳೆ. ನನ್ನ ಜೊತೆನೂ ಮಾತಾಡಲ್ಲ. ಐ ಡಿಡ್‌ನ್ಟ್ ಡೂ ಎನಿಥಿಂಗ್, ಆಂಟಿ.”

ಏಪ್ರಿಲ್ ೪

ಕೂರಲಾಗದು, ನಿಲ್ಲಲಾಗದು. ಕೊನೆಗೆ ಇಬ್ಬರಿಗೂ ಫೋನ್ ಮಾಡಿದೆ. ಮುಂದಿನ ಶನಿವಾರ ಬನ್ನಿ, ನಿಹಾರಿಕಾಳ ಎದುರಿಗೆ ಇಬ್ಬರೂ ಮೊದಲು ಅವಳೇ ನನಗೆ ಬೇಕು ಎನ್ನಿ, ಎಂದೆ.

“ನಾಟಕ ಆಡ್ಬೇಕಾ ಅಕ್ಕ?” ಉಪೇಂದ್ರನ ಪ್ರಶ್ನೆ.

“ನಾಟಕ ಅಲ್ಲ. ಮನಸ್ಸಲ್ಲಿರೋದನ್ನ ಬಾಯಿಬಿಟ್ಟು ಹೇಳೋದು.”

“ಅವತ್ತಿನ ಮಾತು ಅವಳಿಗೆ ಕೇಳಿಸಿತ್ತಾ?” ಎಂದಳು ಸಿಂಧು.

ಏಪ್ರಿಲ್ ೧೧, ಶನಿವಾರ. ಸಂಜೆ ಐದು

ಅಡುಗೆಮನೆಯಲ್ಲಿ ಬರೆಯುತ್ತಿದ್ದೇನೆ. ನಾಲ್ವರೂ ಆಚೆ ಹಾಲಿನಲ್ಲಿ.

ನಡೆದದ್ದು ಇಷ್ಟು. ನಿಹಾರಿಕಾ ಕೋಟು ಬಿಚ್ಚದೆ ಬಾಗಿಲ ಬಳಿಯೇ ನಿಂತಿದ್ದಳು. “ನಿಹಾರಿಕಾ ನನಗಿರಲಿ,” ಎಂದ ಉಪೇಂದ್ರ. “ಇಲ್ಲ, ಅವಳು ನನಗೇ,” ಎಂದಳು ಸಿಂಧು. ಒಪ್ಪಿಸಿದ ಪಾಠದ ಹಾಗೆ.

“ಹಾಗಾದ್ರೆ ನಾನು?” ಎಂದ ಸಾಕೇತ್. ಅವನ ಬಗ್ಗೆ ನಾನು ಯೋಚಿಸಿಯೇ ಇರಲಿಲ್ಲ.

ನಿಹಾರಿಕಾ ನನ್ನತ್ತ ತಿರುಗಿದಳು. “ಆಂಟಿ, ಇದು ನಿಮ್ಮ ಸ್ಕ್ರಿಪ್ಟಾ?”

ಹೌದೆಂದೆ. ಈ ಮಕ್ಕಳಿಗೆ ಇದುವರೆಗೆ ಸುಳ್ಳು ಹೇಳಿಲ್ಲ.

“ಆಂಟಿ ಹೇಳದೇ ಇದ್ದಿದ್ರೆ, ಅಮ್ಮ?”

ಉಪೇಂದ್ರ ಕಿಟಕಿಯತ್ತ ನೋಡಿದ. ಸಿಂಧು ಮಾತ್ರ ಮುಖ ತಿರುಗಿಸಲಿಲ್ಲ. “ಲೆಕ್ಕ ಹಾಕ್ತಾ ಹಾಕ್ತಾ ನಿನ್ನ ಮುಖ ನೆನಪೇ ಆಗ್ಲಿಲ್ಲ ಕಣೇ. ಅದೇ ನಿಜ.”

ನಿಹಾರಿಕಾ ನಿಧಾನವಾಗಿ ಕುರ್ಚಿ ಎಳೆದು ಕುಳಿತಳು, ಪಕ್ಕದ ಕುರ್ಚಿಗೆ ತಮ್ಮನನ್ನೂ ಎಳೆದುಕೊಂಡಳು. ನಾನು ಸಮಾಧಾನ ಹೇಳಲು ಹೋಗದೆ ಚಹಾದ ನೆಪ ಹೇಳಿ ಎದ್ದು ಬಂದೆ.

ದನಿಗಳು ಏರುತ್ತಿವೆ. ಹೋಗಲೇ? ಉಪೇಂದ್ರ ಏನೋ ಹೇಳಲು ಹೊರಟ, ನಿಹಾರಿಕಾ ಬಿಡಲಿಲ್ಲ. “ನೀವಿಬ್ರೂ ಸುಮ್ನಿರಿ, ಈಗ ನಾನು ಮಾತಾಡ್ತೀನಿ” — ಅಚ್ಚ ಕನ್ನಡದಲ್ಲಿ ಬಯ್ಯುತ್ತಿದ್ದಾಳೆ, ಇಬ್ಬರನ್ನೂ. ಸಿಂಧು ಅಳುತ್ತಿರಬೇಕು. ಹೋಗಬಾರದು. ಚಹಾ ಆರಿದರೂ ಸರಿ, ನಾನು ಈಗ ಅವರ ನಡುವೆ ಹೋಗುವುದಿಲ್ಲ.