ಹದಿನಾಲ್ಕನೇ ಕೋಣೆಯ ಸಾರು

ನಾಮ್ ಪೆನ್
ತಿರುವು ಮಾಸದ ಎಪ್ಪತ್ತೊಂದನೆಯ ದಿನ, ೨೧೪೪

ಗಿರಿಜಾಂಬ ಅಜ್ಜಿಯವರಿಗೆ ಸೋನೆ ಮಾಡುವ ನಮಸ್ಕಾರ.

ತಿಂಗಳಿಗೆ ಎಪ್ಪತ್ತೊಂದು ದಿನವೇ ಎಂದು ಹುಬ್ಬೇರಿಸಬೇಡಿ. ನೀವೀಗ ಬಾಲ್ಕನಿಯಿಂದ ನೋಡುತ್ತಿರುವ ಹೊಳೆ ಮಳೆಗಾಲದಲ್ಲಿ ಹಿಂದಕ್ಕೆ ಹರಿಯುತ್ತದಲ್ಲ, ಹಾಗೆ ಹರಿಯುವಷ್ಟು ದಿನವೂ ಈ ಊರಿನಲ್ಲಿ ಈಗ ಒಂದೇ ತಿಂಗಳು. ನನ್ನ ಮಾತು ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಿ. ನಿಮ್ಮ ಕಾಲದ ಕನ್ನಡ ಕಲಿಯಲು ಹಳೆಯ ಪಾಠಪುಸ್ತಕಗಳನ್ನು ಓದಿದ್ದೇನೆ, ಹಾಗಾಗಿ ಮೇಷ್ಟರಂತೆ ಬರೆದರೂ ಬರೆದೇನು. ನಾನು ನಿಮ್ಮ ಮೊಮ್ಮಗಳ ಮೊಮ್ಮಗಳು. ಆದರೂ ಅಜ್ಜಿ ಎನ್ನಲು ಸಂಕೋಚ, ಯಾಕೆಂದರೆ ನಿಮಗೀಗ ಅರವತ್ತೊಂದು, ನನಗೆ ಅರವತ್ತನಾಲ್ಕು.

ಇದು ಹಿನ್ನೋಲೆ. ಹಿಂದಿನ ಕಾಲಕ್ಕೆ ಕಳಿಸುವ ಕಾಗದವನ್ನು ನಾವು ಹಾಗೆನ್ನುತ್ತೇವೆ. ಜೀವಮಾನಕ್ಕೆ ಒಬ್ಬರಿಗೆ ಒಂದೇ, ಅದೂ ತಲುಪಿತೋ ಇಲ್ಲವೋ ಎಂದು ತಿಳಿಯುವ ದಾರಿಯಿಲ್ಲ. ಅಂಚೆಯಾಕೆ ವಿಷಯವೇನೆಂದು ಕೇಳಿದಳು. ಸಾರು ಎಂದೆ. ಜನ ಕಳೆದುಕೊಂಡ ಮಕ್ಕಳಿಗೆ ಬರೆಯುತ್ತಾರೆ, ನೀವು ಸಾರಿಗೋಸ್ಕರ ಬರೆಯುತ್ತೀರಾ ಎಂದು ನಕ್ಕು ಮುದ್ರೆ ಒತ್ತಿದಳು. ನೀವು ಪ್ರವಾಸಕ್ಕೆಂದು ಈ ಪರದೇಶದ ಊರಿಗೆ ಬಂದ ಎರಡನೆಯ ದಿನ ಕೈಸೇರುವಂತೆ ಕಳಿಸಿದ್ದೇನೆ.

ನೀವು ಇಳಿದಿರುವ ಹೋಟೆಲಿನಲ್ಲೇ ನಾನೂ ಹನ್ನೊಂದು ದಿನದಿಂದ ಇದ್ದೇನೆ. ಕೆಳಗಿನ ಅಂತಸ್ತನ್ನು ಹೊಳೆಗೇ ಬಿಟ್ಟುಕೊಟ್ಟಿದ್ದಾರೆ, ದೋಣಿಯಿಂದ ನೇರ ಬಾಲ್ಕನಿಗೆ ಹತ್ತಬೇಕು. ನನ್ನ ಮೊಣಕಾಲಿಗೆ ಅದೊಂದು ಪೀಕಲಾಟ. ಬಂದವರಿಗೆಲ್ಲ ‘ಕಾಲಕಳಚು’ ಎಂಬ ಶಾಸ್ತ್ರ ಮಾಡುತ್ತಾರೆ: ಹೊತ್ತು ತೋರಿಸುವ ಯಾವುದಿದ್ದರೂ ಬಿದಿರು ಬುಟ್ಟಿಗೆ ಹಾಕಿಸಿಕೊಂಡು, ಬದಲಿಗೆ ಒಂದು ಬೆತ್ತದ ಕುರ್ಚಿ ಕೊಡುತ್ತಾರೆ. ಹೊರಡುವವರೆಗೆ ಆ ಕುರ್ಚಿ ನಮ್ಮದೇ. ಬೆಳಿಗ್ಗೆ ತೇಲುವ ಸೊಪ್ಪಿನ ಮಡಿಗಳು ಹಾದುಹೋಗುತ್ತವೆ, ಬೇಕಾದವರು ಬಗ್ಗಿ ಕಿತ್ತುಕೊಳ್ಳಬಹುದು. ಮಧ್ಯಾಹ್ನ ಊರೇ ಮಲಗುತ್ತದೆ. ಹುಟ್ಟಿದ ಮೇಲೆ ನಾನು ಇಷ್ಟು ಸುಮ್ಮನೆ ಕೂತದ್ದಿಲ್ಲ, ತುಂಬಾ ಸುಖವಾಗಿದೆ ಅಜ್ಜಿ. ಇಲ್ಲಿಯ ಹೆಸರುವಾಸಿ ಅಡುಗೆಯೆಂದರೆ ‘ಹದಿನಾಲ್ಕರ ಸಾರು’. ಹದಿನಾಲ್ಕು ನಿಮ್ಮ ಕೋಣೆಯ ಸಂಖ್ಯೆ.

ನಾಳೆ ಏನಾಗುತ್ತದೆಂದು ಹೇಳುತ್ತೇನೆ, ನಿಮ್ಮ ಮಗಳು ತನ್ನ ದನಿಯಲ್ಲಿ ಉಳಿಸಿಹೋದ ನೆನಪು ಇದು. ಮಧ್ಯಾಹ್ನ ರುದ್ರಸ್ವಾಮಿ ಅಜ್ಜ ದೋಣಿಯಲ್ಲಿ ಸುತ್ತಲು ಹೋಗಿರುತ್ತಾರೆ. ಮೂರು ದಿನ ಬ್ರೆಡ್ಡು, ಬಾಳೆಹಣ್ಣು ತಿಂದು ನಿಮ್ಮ ನಾಲಿಗೆ ಕೆಟ್ಟಿರುತ್ತದೆ. ತಿಂಡಿಯ ಮೇಜಿನಿಂದ ಸೆರಗಿನಲ್ಲಿ ಮುಚ್ಚಿ ತಂದ ಎರಡು ಟೊಮೆಟೊ, ದಾವಣಗೆರೆಯಿಂದ ಹಾರ್ಲಿಕ್ಸ್ ಬಾಟಲಿಯಲ್ಲಿ ತಂದ ನಿಮ್ಮದೇ ಸಾರಿನ ಪುಡಿ, ಹುಣಸೆಹಣ್ಣು, ಚಿಟಿಕೆ ಇಂಗು, ಎಲ್ಲವನ್ನೂ ಟೀ ಕಾಸುವ ಕೆಟಲಿಗೆ ಹಾಕಿ ಕುದಿಸುತ್ತೀರಿ. ಘಮ ಮೂರು ಅಂತಸ್ತಿಗೂ ಹರಡುತ್ತದೆ. ಯಾರೋ ಮೂರು ಸಲ ಬಾಗಿಲು ತಟ್ಟುತ್ತಾರೆ. ಕೋಣೆಯಲ್ಲಿ ಅಡುಗೆ ಮಾಡಿದ್ದಕ್ಕೆ ಮ್ಯಾನೇಜರ್ ಬಂದನೆಂದು ಹೆದರಿ ನೀವು ಕೆಟಲು ಎತ್ತಿಕೊಂಡು ಬಚ್ಚಲಲ್ಲಿ ಕೂರುತ್ತೀರಿ. ಹೆಜ್ಜೆ ಸದ್ದು ದೂರವಾದ ಮೇಲೆ ಸಾರನ್ನೆಲ್ಲ ಚೆಲ್ಲುತ್ತೀರಿ. ಅಜ್ಜ ಇದನ್ನು ಕಂಡ ಕಂಡ ಮದುವೆ, ನಾಮಕರಣಗಳಲ್ಲಿ ಹೇಳಿ ನಗಿಸುತ್ತಾರೆ. ನೀವೂ ನಗುತ್ತೀರಿ. ಆದರೆ ಆ ಪುಡಿಯನ್ನು ಮತ್ತೆಂದೂ ಮಾಡುವುದಿಲ್ಲ, ಅಳತೆ ಕೇಳಿದ ಮಗಳಿಗೆ ಅದ್ಯಾಕೆ ಬಿಡು ಎಂದು ಅಂಗಡಿಯ ಪೊಟ್ಟಣ ತೋರಿಸುತ್ತೀರಿ.

ಬಾಗಿಲು ತಟ್ಟುವುದು ಮ್ಯಾನೇಜರ್ ಅಲ್ಲ, ಅಡುಗೆಮನೆಯ ಚಂಥೂ ಎಂಬಾಕೆ. ಅವಳ ಪುಸ್ತಕವನ್ನು ಇಲ್ಲಿ ಗಾಜಿನೊಳಗೆ ಇಟ್ಟಿದ್ದಾರೆ. ಆ ದಿನ ಅವಳು ಬರೆದದ್ದು ಇಷ್ಟು: “ಅಮ್ಮ ಹೋದ ಮೇಲೆ ಒಂದು ತುತ್ತೂ ರುಚಿಸಿರಲಿಲ್ಲ. ಇವತ್ತು ಹದಿನಾಲ್ಕನೇ ಕೋಣೆಯ ಮುಂದೆ ಹಸಿವಾಯಿತು. ಬಟ್ಟಲು ಹಿಡಿದು ನಿಂತೆ. ಒಳಗಿದ್ದವರು ಹೆದರಿದರೇನೋ, ಬಾಗಿಲು ತೆಗೆಯಲಿಲ್ಲ.”

ಆಮೇಲೆ ಅವಳು ವಾಸನೆಯ ನೆನಪಿನಿಂದಲೇ ಆ ಸಾರು ಮಾಡಲು ಹೊರಟಳು. ಅವಳ ಮಗಳು, ಮೊಮ್ಮಗಳು ಎಲ್ಲರೂ ಅದನ್ನೇ ಮಾಡಿದರು. ಮೊನ್ನೆ ಅದೇ ವಂಶದ ಈಗಿನ ಅಡುಗೆಯಾಕೆ ನನ್ನ ಮುಂದೆ ಬಟ್ಟಲಿಟ್ಟು, ಏನೋ ಕಡಿಮೆಯಿದೆ, ಏನು ಹೇಳಿ ಎಂದಳು. ಇಂಗು ಇರಬೇಕು ಎಂದೆ. ಅದು ಹೇಗಿರುತ್ತದೆ ಎಂದಳು. ನಾನೇನು ಹೇಳಲಿ? ಇಂಗಿನ ಗಿಡ ಭೂಮಿಯ ಮೇಲೆ ಇಲ್ಲದೆ ಎಪ್ಪತ್ತು ವರ್ಷವಾಯಿತು. ‘ಇಂಗು ತೆಂಗು ಇದ್ದರೆ ಮಂಗವೂ ಅಡುಗೆ ಮಾಡುತ್ತದೆ’ ಎಂಬ ಗಾದೆ ಮಾತ್ರ ನನಗೆ ಗೊತ್ತು. ಅದನ್ನೇ ಹೇಳಿದೆ. ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು, ಆಮೇಲೆ ನಗು ನಿಂತರೂ ನೀರು ನಿಲ್ಲಲಿಲ್ಲ.

ಪುಡಿಯ ಅಳತೆ ಬರೆದಿಡಿ ಎಂದು ಬೇಡಲೆಂದೇ ಈ ಓಲೆಗೆ ಕೂತೆ. ಈಗ ಬೇಡ. ಇಂಗಿಲ್ಲದ ಕಾಲದಲ್ಲಿ ಅಳತೆ ಕಟ್ಟಿಕೊಂಡು ಏನಾಗಬೇಕು? ನೀವು ಬಾಗಿಲು ತೆಗೆದರೆ ‘ಹದಿನಾಲ್ಕರ ಸಾರು’ ಹುಟ್ಟುವುದೇ ಇಲ್ಲವೇನೋ, ನಾನು ಈ ಕುರ್ಚಿಯಲ್ಲಿ ಕೂರುವುದೂ ಇಲ್ಲವೇನೋ. ಪರವಾಗಿಲ್ಲ. ಕೆಟಲಿನಲ್ಲಿ ಸಾರು ಮಾಡಿದ್ದಕ್ಕೆ ನಾಚಬೇಡಿ, ನಮ್ಮ ವಂಶದಲ್ಲಿ ಅದಕ್ಕಿಂತ ಒಳ್ಳೆಯ ಕೆಲಸ ಮಾಡಿದವರು ಹೆಚ್ಚಿಲ್ಲ.

ಇಷ್ಟು ಹೊತ್ತು ಮೊಮ್ಮಗಳಾಗಿ ಬೇಡಿದೆ. ಇನ್ನು ಮೂರು ವರ್ಷ ದೊಡ್ಡವಳಾಗಿ ಹೇಳುತ್ತೇನೆ. ಹೊರಗೆ ನಿಂತವಳಿಗೆ ಹಸಿವಾಗಿದೆ, ಬಟ್ಟಲು ಅವಳೇ ತಂದಿದ್ದಾಳೆ. ಏಳು, ಬಾಗಿಲು ತೆಗೆಯೇ ಗಿರಿಜಾ.